ಬೇರಿಂಗ್ ಸುಟ್ಟ ದಿನ

ಜಾನ್ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಓದಿದವರು ಸಾಮಾನ್ಯವಾಗಿ ನೆನೆಸಿಕೊಳ್ಳುವುದು ಧೂಳನ್ನು, ಹಸಿವನ್ನು, ಆ ಕೊನೆಯ ಪುಟವನ್ನು. 16ನೇ ಅಧ್ಯಾಯದ ಮಾತು ಬರುವುದೇ ಕಡಿಮೆ. ಆದರೆ ಎಂಜಿನ್ ಬಿಚ್ಚಿ ಜೋಡಿಸಿ ಗೊತ್ತಿರುವವರು ಓದಿದರೆ ಅದೊಂದು ಅಧ್ಯಾಯ ಬಿಡದೆ ಹಿಡಿದುಕೊಳ್ಳುತ್ತದೆ. ಹಳೇ ಕಾರೊಂದರ ಬೇರಿಂಗ್ ಸುಡುತ್ತದೆ, ಇಬ್ಬರು ಅಣ್ಣತಮ್ಮಂದಿರು ಗುಜರಿಯಿಂದ ಸಾಮಾನು ತಂದು ರಾತ್ರಿಯೊಳಗೆ ಅದನ್ನು ಓಡಿಸುತ್ತಾರೆ. ಒಂದು ದಿನದ ಕಥೆ ಅಷ್ಟೆ. ಆ ದಿನವನ್ನು ಪಾನಾ ಹಿಡಿದವರ ಕಣ್ಣಿನಿಂದ ನೋಡಿದರೆ ಕಾದಂಬರಿಯೇ ಬೇರೆ ಥರ ಕಾಣುತ್ತದೆ.

ಹಿನ್ನೆಲೆ ಸ್ವಲ್ಪ ಬೇಕು. ಕಾದಂಬರಿ ಬಂದದ್ದು 1939ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು, 1936ರಲ್ಲಿ, ಸ್ಟೈನ್‌ಬೆಕ್ ಹಳೆಯದೊಂದು ಬೇಕರಿ ವ್ಯಾನಿನಲ್ಲಿ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಬಿಡಾರಗಳನ್ನು ಸುತ್ತಿ, ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ಏಳು ಲೇಖನ ಬರೆದಿದ್ದ. ಆರ್ವಿನ್‌ನಲ್ಲಿದ್ದ ಸರ್ಕಾರಿ ಶಿಬಿರದ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಅವನಿಗೆ ದಾರಿ ತೋರಿಸಿದವನು. ಕಾದಂಬರಿಯ ಅರ್ಪಣೆಯಲ್ಲಿ ಹೆಂಡತಿ ಕ್ಯಾರಲ್ ಜೊತೆ ಅವನ ಹೆಸರೂ ಇದೆ.

ಕಾದಂಬರಿಯ ಜೋಡ್ ಕುಟುಂಬದ್ದು ಓಕ್ಲಹೋಮಾದ ಸ್ಯಾಲಿಸಾ ಸೀಮೆ. ಧೂಳಿನ ಬಿರುಗಾಳಿಯೇ ಇವರನ್ನು ಓಡಿಸಿತು ಎಂದು ಹೇಳುವವರಿದ್ದಾರೆ. ಸ್ಯಾಲಿಸಾ ಇರುವುದು ಆ ರಾಜ್ಯದ ಪೂರ್ವದ ಅಂಚಿನಲ್ಲಿ, ಧೂಳಿನ ನಡುಗೇಂದ್ರ ಪಶ್ಚಿಮದ ತುದಿಯಲ್ಲಿ. ಬರ ಬಂದದ್ದು ನಿಜ, ಹತ್ತಿಯ ಬೆಲೆ ಬಿದ್ದದ್ದೂ ನಿಜ. ಆದರೆ ಕೋರಿಗೆ ಉಳುತ್ತಿದ್ದವರ ಮನೆ ಕೆಡವಿದ್ದು ಟ್ರ್ಯಾಕ್ಟರು, ಅದರ ಹಿಂದಿದ್ದದ್ದು ಬ್ಯಾಂಕು. ಹತ್ತಿ ಬೆಳೆಯದೆ ನೆಲ ಬೀಳು ಬಿಟ್ಟರೆ ಸರ್ಕಾರ 1933ರಿಂದ ಹಣ ಕೊಡತೊಡಗಿತ್ತು. ಆ ಹಣದ ಹೆಚ್ಚಿನ ಪಾಲು ಸೇರಿದ್ದು ಭೂಮಾಲೀಕನ ಕೈಗೆ, ಉಳುವವನಿಗಲ್ಲ. ಬೀಳು ಬಿಟ್ಟ ನೆಲಕ್ಕೆ ಕೋರಿನವನು ಯಾಕೆ ಬೇಕು? ನಮ್ಮ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ಗುಳೆ ಹೋದವರು ಮಳೆ ಬಂದರೆ ವಾಪಸು ಬರುತ್ತಾರೆ, ಬಾಗಿಲಿಗೆ ಬೀಗವಾದರೂ ಇರುತ್ತದೆ. ಜೋಡ್‌ಗಳಿಗೆ ಬಾಗಿಲೇ ಉಳಿದಿರಲಿಲ್ಲ.

ಕುದುರೆ, ಗಾಡಿ, ನೇಗಿಲು, ಮನೆಯ ಸಾಮಾನು ಎಲ್ಲ ಸೇರಿ ಮಾರಿದಾಗ ಬಂದದ್ದು 18 ಡಾಲರ್. ಒಟ್ಟು ಕೈಯಲ್ಲಿದ್ದದ್ದು 154. ಅದಕ್ಕೂ ಮುಂಚೆ 75 ಡಾಲರ್ ಕೊಟ್ಟು ಹಳೆಯ ಹಡ್ಸನ್ ಸೂಪರ್ ಸಿಕ್ಸ್ ಕೊಂಡಿದ್ದರು. ಕಾರಿನ ಹಿಂಬದಿ ಕಡಿದು ಅದಕ್ಕೆ ಟ್ರಕ್ಕಿನ ತೊಟ್ಟಿ ಕೂರಿಸಿದ ಗಾಡಿ. ಆರಿಸಿದವನು ಮೂರನೇ ಮಗ ಆಲ್. ಅದೇ ದುಡ್ಡಿಗೆ ಇನ್ನೂ ದೊಡ್ಡದು, ಚೆಂದದ್ದು ಸಿಗುತ್ತಿತ್ತು, ಆದರೆ ಅದರ ಬಿಡಿಭಾಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ ಎಂಬುದು ಅವನ ಲೆಕ್ಕ. ಹಳೇ ಗಾಡಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಇವತ್ತಿಗೂ ಇಲ್ಲ. ಹಳೇ ಕಾರು ಮಾರುವವರ ಆಟವನ್ನು 7ನೇ ಅಧ್ಯಾಯ ಬಿಡಿಸಿ ತೋರಿಸುತ್ತದೆ: ಗೇರಿನ ಸದ್ದು ಮುಚ್ಚಲು ಒಳಗೆ ಮರದ ಹೊಟ್ಟು ತುಂಬುವುದು, ವ್ಯಾಪಾರ ಕುದುರಿದ ಮೇಲೆ ಒಳ್ಳೆಯ ಬ್ಯಾಟರಿ ತೆಗೆದು ಸತ್ತದ್ದನ್ನು ಇಡುವುದು.

ಹೊರಡುವ ಹಿಂದಿನ ರಾತ್ರಿ ಎರಡು ಹಂದಿ ಕಡಿದು ಉಪ್ಪು ಹಾಕುತ್ತಾರೆ. ಮಾಂಸದ ತುಂಡುಗಳನ್ನು ಪೀಪಾಯಿಯಲ್ಲಿ ಇಟ್ಟಿಗೆಯಂತೆ ಜೋಡಿಸಿ, ಒಂದಕ್ಕೊಂದು ತಾಗದಂತೆ ನಡುವೆ ಉಪ್ಪನ್ನು ಗಿಡಿದು ತುಂಬುವ ಕೆಲಸ. ತಾಗಿದ ಜಾಗಕ್ಕೆ ಉಪ್ಪು ಹೋಗುವುದಿಲ್ಲ, ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಕ್ಯಾಲಿಫೋರ್ನಿಯಾದ ತನಕ ಸುಮಾರು 1,500 ಮೈಲಿ ದಾರಿಗೆ ಬುತ್ತಿ ಅದು.

ಈಗ ಆ ದಿನಕ್ಕೆ ಬರೋಣ. ಅಜ್ಜ ದಾರಿಯಲ್ಲೇ ತೀರಿಕೊಂಡಿದ್ದಾನೆ. ಕ್ಯಾನ್ಸಸ್‌ನಿಂದ ಹೊರಟು ದಾರಿಯಲ್ಲಿ ಕೆಟ್ಟು ನಿಂತಿದ್ದ ಐವಿ ವಿಲ್ಸನ್ ಮತ್ತು ಸೇರಿ ಎಂಬ ಹೆಸರಿನ ಅವನ ಹೆಂಡತಿ ಜೊತೆಯಾಗಿದ್ದಾರೆ. ಅವರದು 1925ರ ಡಾಡ್ಜ್, ನಾಲ್ಕು ಸಿಲಿಂಡರಿನ ತೆರೆದ ಕಾರು. ಹೊರೆಯನ್ನು ಎರಡೂ ಗಾಡಿಗೆ ಹಂಚಿಕೊಂಡು 66ನೇ ಹೆದ್ದಾರಿಯಲ್ಲಿ ಟೆಕ್ಸಸ್ ದಾಟಿ ನ್ಯೂ ಮೆಕ್ಸಿಕೋಗೆ ಬಂದಾಗ, ಡಾಡ್ಜ್ ಓಡಿಸುತ್ತಿದ್ದ ಆಲ್‌ಗೆ ಎಂಜಿನ್ನಿನಿಂದ ಲಟಲಟ ಸದ್ದು ಕೇಳುತ್ತದೆ. ತಕ್ಷಣ ನಿಲ್ಲಿಸುತ್ತಾನೆ. ಮೊದಲ ಪಾಠ ಅದೇ. ಇನ್ನೆರಡು ಮೈಲಿ ನೋಡೋಣ ಎಂದು ಎಳೆದಿದ್ದರೆ ಬೇರಿಂಗ್ ಸುಟ್ಟು ಸಡಿಲವಾದ ಕನೆಕ್ಟಿಂಗ್ ರಾಡು, ಅಂದರೆ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಸೇರಿಸುವ ಕೋಲು, ಕ್ರ್ಯಾಂಕಿನ ಪಿನ್ನನ್ನು ಕೆರೆದು ಹಾಕುತ್ತಿತ್ತು. ಇನ್ನೂ ಮುಂದೆ ಹೋಗಿದ್ದರೆ ರಾಡೇ ಮುರಿದು ಎಂಜಿನ್ನಿನ ಗೋಡೆ ತೂತು ಮಾಡಿಕೊಂಡು ಹೊರಬರುತ್ತಿತ್ತು. ಆಮೇಲೆ ಆ ಕಾರು ಕಬ್ಬಿಣದ ತೂಕಕ್ಕೆ ಹೋಗುವ ಮಾಲು.

ಆ ಕಾಲದ ಬೇರಿಂಗ್ ಈಗಿನಂತೆ ತೆಗೆದು ಹಾಕುವ ಚಿಪ್ಪಲ್ಲ. ತವರ, ಆಂಟಿಮನಿ, ತಾಮ್ರ ಬೆರೆಸಿದ ಮೆತ್ತನೆಯ ಬಿಳಿ ಲೋಹವನ್ನು ರಾಡಿನ ದೊಡ್ಡ ಕಣ್ಣಿನೊಳಗೆ ನೇರವಾಗಿ ಎರಕ ಹೊಯ್ದಿರುತ್ತಾರೆ. ಸುಮಾರು 240 ಡಿಗ್ರಿಗೆಲ್ಲ ಅದು ಕರಗಲು ಶುರು. ಎಣ್ಣೆಯ ಪೊರೆ ಹರಿಯಿತೋ, ಉಜ್ಜಾಟದ ಬಿಸಿಗೆ ಮೆತ್ತಗಾಗಿ ಬಳಿದುಕೊಂಡು ಹೋಗುತ್ತದೆ. ಅತಿ ಹೊರೆ, ಉದ್ದನೆಯ ಏರು, ತೆಳುವಾದ ಹಳೇ ಎಣ್ಣೆ, ಈ ಮೂರರಲ್ಲಿ ಯಾವುದಾದರೂ ಎರಡು ಸೇರಿದರೆ ಸಾಕು. ಯಾವ ಸಿಲಿಂಡರಿನದು ಎಂದು ಗೊತ್ತು ಮಾಡಲು ಗ್ಯಾರೇಜಿನಲ್ಲಿ ಹಳೆಯ ದಾರಿಯೊಂದಿದೆ. ಎಂಜಿನ್ ಚಾಲೂ ಇಟ್ಟು ಒಂದೊಂದೇ ಪ್ಲಗ್ಗಿನ ಕಿಡಿ ಕೊಲ್ಲುತ್ತಾ ಹೋಗಬೇಕು. ಯಾವುದನ್ನು ಕೊಂದಾಗ ಬಡಿತ ತಗ್ಗುತ್ತದೋ ಅಲ್ಲೇ ರೋಗ.

ತನ್ನ ಮೇಲೆ ತಪ್ಪು ಬರುತ್ತದೆಂದು ಆಲ್ ಕುಗ್ಗಿಹೋಗುತ್ತಾನೆ. ಅಣ್ಣ ಟಾಮ್ ಬೈಯುವುದಿಲ್ಲ. ಆದರೆ ಅವನೊಂದು ಲೆಕ್ಕ ಹಾಕುತ್ತಾನೆ: ತಾನೂ ಜೊತೆಗೆ ಬಂದಿರುವ ಮಾಜಿ ಪಾದ್ರಿ ಕೇಸಿಯೂ ಕಾರಿನ ಹತ್ತಿರ ಉಳಿದು ರಿಪೇರಿ ಮಾಡುತ್ತೇವೆ, ಉಳಿದವರು ಟ್ರಕ್ಕಿನಲ್ಲಿ ಮುಂದೆ ಹೋಗಿ ಕೂಲಿ ಹಿಡಿಯಲಿ. ದುಡ್ಡಿನ ಲೆಕ್ಕದಲ್ಲಿ ಸರಿಯಾದ ಮಾತೇ. ಅಮ್ಮ ಮಾತ್ರ ಜಾಕಿನ ಹಿಡಿಕೆ ಕೈಗೆತ್ತಿಕೊಂಡು ನಿಲ್ಲುತ್ತಾಳೆ, ನಾನು ಬರುವುದಿಲ್ಲ ಎನ್ನುತ್ತಾಳೆ. ಗಂಡಸರ ಲೆಕ್ಕ ಅಲ್ಲಿಗೆ ಮುಗಿಯಿತು. ಮನೆಯ ಯಜಮಾನಿಕೆ ಕೈ ಬದಲಾಯಿಸಿದ್ದು ಆ ಕಬ್ಬಿಣದ ತುಂಡಿನಿಂದ. ವಿಮರ್ಶಕರು ಈ ಪುಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಮತ್ತೆ ಬರೆಯುವುದು ಬೇಡ.

ಮನೆಮಂದಿಯನ್ನು ಮುಂದಿನ ಬಿಡಾರಕ್ಕೆ ಬಿಟ್ಟು ಆಲ್ ಟ್ರಕ್ಕು ತರುತ್ತಾನೆ. ಕೇಸಿಯನ್ನು ಕಾರಿಗೆ ಕಾವಲಿಟ್ಟು ಅಣ್ಣತಮ್ಮಂದಿರು ಸಾಂಟಾ ರೋಸಾದ ಗುಜರಿ ಅಂಗಳಕ್ಕೆ ಹೋಗುತ್ತಾರೆ. ಅಲ್ಲಿ ಒಕ್ಕಣ್ಣಿನ ಆಳೊಬ್ಬ ಯಜಮಾನನನ್ನು ಶಪಿಸುತ್ತಾ ಕೂತಿದ್ದಾನೆ. ಟಾಮ್ ಅವನಿಗೆ ಕನಿಕರ ತೋರಿಸುವುದಿಲ್ಲ. ಕಣ್ಣಿಗೊಂದು ಪಟ್ಟಿ ಕಟ್ಟಿಕೋ, ಮುಖ ತೊಳೆದುಕೋ ಎಂದು ಗದರುತ್ತಾನೆ. ಸಾಲಾಗಿ ಬಿದ್ದ ಕಾರುಗಳ ನಡುವೆ 25ರ ಡಾಡ್ಜ್ ಒಂದು ಸಿಗುತ್ತದೆ. ಅದರ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅಂದರೆ ಚೇಂಬರ್, ಬಿಚ್ಚಿ, ರಾಡನ್ನು ತಾವೇ ಕಳಚುತ್ತಾರೆ. ಗುಜರಿಯಲ್ಲಿ ನೋಡಬೇಕಾದ್ದು ಎರಡೇ. ಬೇರಿಂಗಿನ ಮೈ ನುಣುಪಾಗಿ, ಒಂದೇ ಬಣ್ಣಕ್ಕೆ ಹೊಳೆಯುತ್ತಿರಬೇಕು. ರಾಡಿನ ದೊಡ್ಡ ಕಣ್ಣಿನ ಕೆಳಗಿನ ಅರ್ಧವಾದ ಕ್ಯಾಪು ಆ ರಾಡಿನದೇ ಆಗಿರಬೇಕು. ಎರಡನ್ನೂ ಜೋಡಿಸಿಯೇ ಕೊರೆದಿರುವುದರಿಂದ ಬೇರೆ ರಾಡಿನ ಕ್ಯಾಪು ಎಂದೂ ಸರಿಯಾಗಿ ಕೂರುವುದಿಲ್ಲ.

ಕೆಲಸದಲ್ಲಿ ಟಾಮ್‌ನ ಕೈ ತರಚುತ್ತದೆ. ನೆಲಕ್ಕೆ ಉಚ್ಚೆ ಹೊಯ್ದು, ಆ ಕೆಸರನ್ನೇ ಗಾಯಕ್ಕೆ ಮೆತ್ತಿ ರಕ್ತ ನಿಲ್ಲಿಸುತ್ತಾನೆ. ವೈದ್ಯರು ಒಪ್ಪುವ ಮದ್ದಲ್ಲ. ಪಾನಾ ಜಾರಿ ಗೆಣ್ಣು ಕೀಳದೆ ಎಂಜಿನ್ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಮಾತ್ರ ಎಲ್ಲ ಮೆಕ್ಯಾನಿಕ್ಕುಗಳೂ ಒಪ್ಪುತ್ತಾರೆ.

ಬರವಣಿಗೆ ಎಲ್ಲಕ್ಕಿಂತ ಗಟ್ಟಿಯಾಗಿರುವುದು ರಿಂಗಿನ ವಿಷಯದಲ್ಲಿ. ಪಿಸ್ಟನ್ನಿನ ರಿಂಗುಗಳು ಹೊರಕ್ಕೆ ಚಿಮ್ಮಿಕೊಂಡಿರುತ್ತವೆ, ಅದುಮಿ ಹಿಡಿಯದೆ ಸಿಲಿಂಡರಿನೊಳಗೆ ಹೋಗುವುದಿಲ್ಲ. ಗ್ಯಾರೇಜಿನಲ್ಲಾದರೆ ಅದಕ್ಕೊಂದು ಪಟ್ಟಿ ಇರುತ್ತದೆ. ರಸ್ತೆ ಬದಿಯಲ್ಲಿ, ಬ್ಯಾಟರಿಯ ಬೆಳಕಿನಲ್ಲಿ? ತೆಳುವಾದ ಹಿತ್ತಾಳೆ ತಂತಿ ಸುತ್ತಿ ಬಿಗಿ ಎನ್ನುತ್ತಾನೆ ಒಬ್ಬ. ಒಳಗೆ ಹೋದ ತಂತಿ ತೆಗೆಯುವುದು ಹೇಗೆ? ತೆಗೆಯುವುದಿಲ್ಲ, ಕರಗಿ ಹೋಗುತ್ತದೆ. ತಾಮ್ರದ್ದಾದರೆ ಇನ್ನೂ ವಾಸಿಯಲ್ಲವೇ? ತಾಮ್ರಕ್ಕೆ ಅಷ್ಟು ಬಲವಿಲ್ಲ, ಎಳೆದರೆ ಹರಿಯುತ್ತದೆ. ಹಿತ್ತಾಳೆ ಕರಗಲು 900 ಡಿಗ್ರಿ ದಾಟಬೇಕು. ಪೆಟ್ರೋಲು ಹೊತ್ತುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚಿನ ಶಾಖ ಹುಟ್ಟುತ್ತದೆಂಬುದು ನಿಜ. ಆದರೂ ಕೆಳಗಿನ ರಿಂಗಿನ ತಂತಿ ಕರಗುವುದಕ್ಕಿಂತ ಸವೆದು ಪುಡಿಯಾಗುವ ಸಂಭವವೇ ಹೆಚ್ಚು ಅನ್ನಿಸುತ್ತದೆ. ಹೇಗಾದರೂ ಗೋಡೆಗಿಂತ ಹಿತ್ತಾಳೆ ಮೆತ್ತಗೆ, ಗೀರು ಬೀಳುವ ಭಯ ಕಡಿಮೆ. ಇಂಥ ಮಾತನ್ನು ಮೇಜಿನ ಮುಂದೆ ಕೂತು ಕಲ್ಪಿಸಲಾಗುವುದಿಲ್ಲ, ಎಲ್ಲೋ ಯಾರೋ ಆಡಿದ್ದನ್ನು ಕಿವಿಗೊಟ್ಟು ಕೇಳಿರಬೇಕು.

ಆಮೇಲಿನದು ಬಿಗಿಯುವ ಕೆಲಸ. ಎರಡೂ ಬೋಲ್ಟನ್ನು ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು, ಒಂದನ್ನೇ ಪೂರ್ತಿ ಎಳೆದರೆ ಕ್ಯಾಪು ಓರೆ ಕೂರುತ್ತದೆ. ಎರಡಿಂಚಿನ ಪಿನ್ನಿಗೆ ಸುಮಾರು ಎರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಎರಡು ಪಾಲು, ಸಂದು ಸಾಕು. ಹೆಚ್ಚಾದರೆ ಮತ್ತೆ ಬಡಿತ, ಕಡಿಮೆಯಾದರೆ ಎಣ್ಣೆಗೆ ಜಾಗವಿಲ್ಲದೆ ಹೊಸದೂ ಸುಡುತ್ತದೆ. ಸಂದು ಹೊಂದಿಸಲು ಕ್ಯಾಪಿನ ಎರಡು ಕಡೆ ತಗಡಿನ ಶಿಮ್ಮು ಇಡುವುದೋ ತೆಗೆಯುವುದೋ ಮಾಡಬೇಕು. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದರೆ ತುಸು ಹಿಡಿದಂತಾಗಿ ಸುತ್ತಬೇಕು, ಸಿಕ್ಕಿಕೊಳ್ಳಬಾರದು. ಹೀಗೆ ಕೂರಿಸಿದ ಬೇರಿಂಗನ್ನು ಮೊದಲಿಗೆ ನಿಧಾನವಾಗಿ ಓಡಿಸಿ ಪಳಗಿಸಬೇಕು, ಇವರೂ ಬಿಡಾರದ ತನಕ ಹಾಗೇ ಬರುತ್ತಾರೆ.

ಬಿಡಾರದ ಯಜಮಾನ ರಾತ್ರಿ ತಂಗಲು 50 ಸೆಂಟು ಕೇಳುತ್ತಾನೆ. ಮನೆಯವರದು ಆಗಲೇ ಕೊಟ್ಟಾಗಿದೆ, ಈಗ ಬಂದ ಕಾರಿಗೆ ಇನ್ನೊಂದು 50. ಟಾಮ್ ಕೊಡುವುದಿಲ್ಲ, ರಸ್ತೆಯ ಪಕ್ಕ ಮಲಗುತ್ತೇನೆ ಎನ್ನುತ್ತಾನೆ. ಅದೇ ರಾತ್ರಿ ಅದೇ ಜಗಲಿಯ ಮುಂದೆ, ಕ್ಯಾಲಿಫೋರ್ನಿಯಾದಿಂದ ವಾಪಸು ಹೊರಟ ಹರಕು ಬಟ್ಟೆಯವನೊಬ್ಬ ಕರಪತ್ರದ ಗುಟ್ಟು ಬಿಡಿಸುತ್ತಾನೆ. ಜೋಡ್‌ಗಳ ಜೇಬಿನಲ್ಲೂ ಅದಿದೆ: ಬಟಾಣಿ ಕೀಳಲು 800 ಜನ ಬೇಕು. ಒಬ್ಬನಿಗೆ 800 ಜನ ಬೇಕಿದ್ದರೆ 5,000 ಹಾಳೆ ಅಚ್ಚು ಹಾಕಿಸುತ್ತಾನೆ, 20,000 ಜನ ನೋಡುತ್ತಾರೆ, ಅದನ್ನು ನಂಬಿ ಎರಡು ಮೂರು ಸಾವಿರ ಜನ ಹೊರಟು ಬರುತ್ತಾರೆ. ಆಮೇಲೆ ಕೂಲಿ ಎಷ್ಟು ಕೊಡಬೇಕೆಂದು ಯೋಚಿಸುವ ಅಗತ್ಯವೇ ಅವನಿಗಿಲ್ಲ, ಹಸಿದವರು ಎಷ್ಟಕ್ಕಾದರೂ ಒಪ್ಪುತ್ತಾರೆ. ಬೇರಿಂಗ್ ಯಾಕೆ ಸುಟ್ಟಿತೆಂದು ಮಧ್ಯಾಹ್ನವೇ ಅರಿತ ಟಾಮ್, ಆಲ್ ಇಬ್ಬರೂ ಈ ಲೆಕ್ಕದ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ.

ಆ ಲೆಕ್ಕ ಮುಂದೆ ಅಲ್ಲಲ್ಲಿ ತಲೆ ಹಾಕುತ್ತದೆ. ಪೀಚ್ ಹಣ್ಣಿಗೆ ಪೆಟ್ಟಿಗೆಗೆ 5 ಸೆಂಟು, ಮುಷ್ಕರ ಮುರಿದ ಕೂಡಲೇ ಎರಡೂವರೆ. ಹತ್ತಿ ಬಿಡಿಸಿದರೆ 100 ಪೌಂಡಿಗೆ 80 ಸೆಂಟು, ಆದರೆ ಚೀಲವೇ ಒಂದು ಡಾಲರ್. ಅಂದರೆ ಮೊದಲ 125 ಪೌಂಡ್ ಹತ್ತಿ ಚೀಲದ ಸಾಲಕ್ಕೇ ಹೋಯಿತು.

ಆ ಡಾಡ್ಜ್ ಮಾತ್ರ ಮತ್ತೆ ಬಡಿಯಲಿಲ್ಲ. ಅರಿಜೋನಾ ದಾಟಿ, ಕೊಲರಾಡೋ ನದಿಯ ಪಕ್ಕದ ನೀಡಲ್ಸ್ ತನಕ ಓಡಿತು. ನಿಂತದ್ದು ಸೇರಿ ವಿಲ್ಸನ್‌ಳ ಕಾಯಿಲೆಯಿಂದ. ಅವಳು ಇನ್ನು ಮರುಭೂಮಿ ದಾಟುವ ಸ್ಥಿತಿಯಲ್ಲಿ ಇರಲಿಲ್ಲ, ಗಂಡ ಅವಳನ್ನು ಬಿಟ್ಟು ಕದಲುವವನಲ್ಲ. ಜೋಡ್‌ಗಳು ಹೊರಡುವಾಗ ಸ್ವಲ್ಪ ಹಂದಿಮಾಂಸವನ್ನೂ ಎರಡು ಡಾಲರನ್ನೂ ಕೊಡಲು ಬಂದರು. ಐವಿ ಬೇಡವೆಂದ. ಅಪ್ಪ ಮುದುರಿದ ನೋಟುಗಳನ್ನು ನೆಲದ ಮೇಲಿಟ್ಟು, ಅದರ ಮೇಲೆ ಮಾಂಸದ ಬಾಣಲೆ ಹೇರಿ, ನೀನು ತಗೊಳ್ಳದಿದ್ದರೆ ಬೇರೆ ಯಾರೋ ತಗೊಳ್ಳುತ್ತಾರೆ ಎಂದು ಹೇಳಿ ಟ್ರಕ್ಕಿನ ಕಡೆ ತಿರುಗಿದ.