ಮೂರಕ್ಕೆ ಎರಡು
ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟ ಫ್ಯಾಕ್ಟೋರಿಯೊದಲ್ಲಿ ಹಸಿರು ಸರ್ಕ್ಯೂಟ್ ಲೆಕ್ಕ ಚಿಕ್ಕದು. ತಂತಿ ಯಂತ್ರ ಮೂರು, ಸರ್ಕ್ಯೂಟ್ ಯಂತ್ರ ಎರಡು. ಒಂದು ಸರ್ಕ್ಯೂಟಿಗೆ ಮೂರು ತಂತಿ, ಒಂದು ಕಬ್ಬಿಣದ ಪ್ಲೇಟ್. ಒಂದು ತಾಮ್ರದ ಪ್ಲೇಟಿಗೆ ಎರಡು ತಂತಿ. ಎರಡೂ ಕೆಲಸಕ್ಕೆ ಅರ್ಧ ಸೆಕೆಂಡೇ. ಹಾಗಾಗಿ ಯಂತ್ರಗಳೆಲ್ಲ ಒಂದೇ ದರ್ಜೆಯವಾದರೆ ಅನುಪಾತ ಬದಲಾಗುವುದಿಲ್ಲ.

ಲೆಕ್ಕ ಸರಿಯಿದ್ದೂ ಲೈನ್ ನಿಲ್ಲುವುದು ಸಾಗಣೆಯಲ್ಲಿ. ಎರಡನೇ ದರ್ಜೆಯ ಯಂತ್ರವಾದ ಅಸೆಂಬ್ಲರ್ 2ರ ವೇಗ 0.75. ಈ ಐದು ಯಂತ್ರಗಳು ಸೆಕೆಂಡಿಗೆ 4.5 ತಾಮ್ರ ತಿಂದು 9 ತಂತಿ ಮಾಡಿ, 3 ಸರ್ಕ್ಯೂಟ್ ಕೊಡುತ್ತವೆ. ಸಾಮಾನು ಸಾಗಿಸುವ ಹಳದಿ ಬೆಲ್ಟಿನ ಒಂದು ಲೇನ್, ಅಂದರೆ ಅರ್ಧ ಬೆಲ್ಟ್, ಒಯ್ಯುವುದು ಸೆಕೆಂಡಿಗೆ 7.5 ಮಾತ್ರ. ತಂತಿಯನ್ನು ಬೆಲ್ಟಿಗೆ ಹಾಕಲೇಬೇಡಿ, ತಾಮ್ರ ಅಲ್ಲಿ ದುಪ್ಪಟ್ಟಾಗಿ ಜಾಗ ತಿನ್ನುತ್ತದೆ. ಯಂತ್ರದಿಂದ ಯಂತ್ರಕ್ಕೇ ಕೊಡಿ.

ಮೂರು ತಂತಿ ಯಂತ್ರ ಒತ್ತಾಗಿ ಸಾಲಿನಲ್ಲಿಡಿ, ಒಟ್ಟು 9 ಚೌಕ ಉದ್ದ. ಒಂದು ಚೌಕ ಇನ್ಸರ್ಟರಿಗೆ (ಸಾಮಾನು ಎತ್ತಿ ಕೊಡುವ ಯಾಂತ್ರಿಕ ಕೈಗೆ) ಬಿಟ್ಟು ಕೆಳಗೆ ಎರಡು ಸರ್ಕ್ಯೂಟ್ ಯಂತ್ರ, ಎರಡೂ ತುದಿಯಿಂದ ಒಂದೊಂದು ಚೌಕ ಒಳಕ್ಕೆ, ನಡುವೆ ಒಂದು ಖಾಲಿ. ಆಗ ತುದಿಯ ತಂತಿ ಯಂತ್ರಕ್ಕೆ ಎರಡು, ನಡುವಿನದಕ್ಕೆ ಎರಡೂ ಕಡೆಗೆ ಒಂದೊಂದು ಇನ್ಸರ್ಟರ್ ತಾನಾಗಿ ಕೂರುತ್ತದೆ. ಎಲ್ಲವೂ ನೀಲಿಯ ವೇಗದ ಇನ್ಸರ್ಟರೇ ಆಗಬೇಕು. ತುದಿಯ ಯಂತ್ರ ಕೊಡುವ ಸೆಕೆಂಡಿಗೆ 3 ತಂತಿ, ಒಮ್ಮೆಗೆ ಎತ್ತುವ ಸಾಮರ್ಥ್ಯ ಹೆಚ್ಚಿಸುವ ಸಂಶೋಧನೆಗೆ ಮುಂಚೆ ಒಂದು ಕೈಗೆ ಆಗದು. ತಾಮ್ರ, ಕಬ್ಬಿಣ ಹಾಕುವ ಕಡೆಯೂ ನಿಧಾನದ ಹಳದಿ ಇನ್ಸರ್ಟರ್ ಬೇಡ. ಅಲ್ಲಿ ಪ್ರತಿ ಯಂತ್ರಕ್ಕೂ ಸೆಕೆಂಡಿಗೆ 1.5 ಬೇಕು.

ನಡುವೆ ಉಳಿಯುವ ಆ ಒಂದು ಖಾಲಿ ಚೌಕ ನನಗೆ ಬಹಳ ಇಷ್ಟ. ವಿದ್ಯುತ್ ಕಂಬಕ್ಕೆ ಅಳತೆ ಮಾಡಿ ಬಿಟ್ಟಂತಿದೆ.