ಆಗುಂಬೆಯಲ್ಲಿ ಜೀರುಂಡೆಯ ಫೋಟೋ ಬೇಕೇ? ಮೇಲೆ ನೋಡಬೇಡಿ, ಬುಡ ನೋಡಿ

ಪುಸ್ತಕದಲ್ಲಿ ಸಿಕಾಡ, ಮಲೆನಾಡಿನ ಬಾಯಲ್ಲಿ ಜೀರುಂಡೆ. ಮಳೆಗಾಲಕ್ಕೆ ಮುಂಚೆ ಕಿವಿ ಗುಂಯ್ ಎನ್ನುವಂತೆ ಕೂಗುತ್ತದಲ್ಲ, ಅದೇ ಹುಳ. ಅದರ ಫೋಟೋಗೆಂದೇ ಮೇ ಮೊದಲ ವಾರ ಶಿವಮೊಗ್ಗಕ್ಕೆ ರೈಲು ಹಿಡಿದು, ಅಲ್ಲಿಂದ ತೀರ್ಥಹಳ್ಳಿ ಮೇಲೆ ಬಸ್ಸಿನಲ್ಲಿ ಆಗುಂಬೆಗೆ ಹೋದೆ. ಮೂರು ರಾತ್ರಿ ಉಳಿದೆ. ಎರಡೇ ಸಾಕು ಅಂದುಕೊಂಡಿದ್ದರೆ ಖಾಲಿ ಕೈಯಲ್ಲಿ ಬರುತ್ತಿದ್ದೆ.

ಮೊದಲ ದಿನ ಪೂರ್ತಿ ಸದ್ದಿನ ಹಿಂದೆ ಓಡಿದೆ. ಈ ಮರ ಅಂತ ಹತ್ತಿರ ಹೋದರೆ ಗಪ್‌ಚುಪ್. ಆಚೆ ಮರದಲ್ಲಿ ಶುರು. ಕೂಗುವುದು ಗಂಡು. ಹೊಟ್ಟೆಯ ಬುಡದಲ್ಲಿ ಎರಡೂ ಪಕ್ಕ ಗೆರೆಗೆರೆಯ ಪೊರೆ ಇದೆ. ಸ್ನಾಯು ಅದನ್ನು ಎಳೆದು ಬಿಟ್ಟಾಗ ಸದ್ದು, ಟೊಳ್ಳು ಹೊಟ್ಟೆಯಿಂದ ಅದು ಇನ್ನೂ ಜೋರು. ಕಣ್ಣಿಗೆ ಬಿದ್ದ ಒಂದೇ ಒಂದು ಹುಳ ಅಡ್ಡಡ್ಡ ಸರಿದು ಕಾಂಡದ ಹಿಂದೆ ಅವಿತಿತು. ಹಾರುವಾಗ ಲೆನ್ಸ್ ಮೇಲೆ ಉಚ್ಚೆ ಹೊಯ್ದೇ ಹೋಯಿತು! ಕುಡಿಯುವುದು ನೀರಿನಂಥ ಗಿಡದ ರಸ, ಹೊರಹಾಕುವುದೂ ಜಾಸ್ತಿ. ಒರೆಸುವ ಬಟ್ಟೆ ಜೇಬಲ್ಲಿರಲಿ.

ಎರಡನೇ ದಿನ ಹೋಂಸ್ಟೇ ಅಜ್ಜಿ ನಕ್ಕು, "ಮೇಲೆ ಯಾಕೆ ನೋಡ್ತೀರಿ, ಬುಡ ನೋಡಿ" ಎಂದರು. ತೋಟದಂಚಿನ ಹಲಸಿನ ಮರದಲ್ಲಿ ಬೆನ್ನು ಸೀಳಿದ ಕಂದು ಪೊರೆಗಳು ಅಂಟಿಕೊಂಡಿದ್ದವು. ಮರಿಗಳು ಬಹುಕಾಲ ಮಣ್ಣಿನೊಳಗೆ ಬೇರಿನ ರಸ ಕುಡಿದು ಬೆಳೆದು, ಒಂದು ಸಂಜೆ ಮೇಲೆ ಬಂದು ಕಾಂಡ ಹತ್ತಿ ಪೊರೆ ಕಳಚುತ್ತವೆ. ಪೊರೆ ಕಂಡ ಕಡೆಯೇ ರಾತ್ರಿ ಕೂತು ಕಾಯಿರಿ.

ಮೂರನೇ ಸಂಜೆ ಸಣ್ಣ ಮಳೆ ಬಂತು. ಏಳೂವರೆಗೆ ಸ್ಟೂಲ್ ಹಾಕಿ ಕೂತೆ. ಎಂಟೂಮುಕ್ಕಾಲಿಗೆ ಮಣ್ಣು ಮೆತ್ತಿದ ಮರಿಯೊಂದು ನನ್ನ ಎದೆಮಟ್ಟಕ್ಕೆ ಹತ್ತಿ ನಿಂತಿತು. ಸ್ವಲ್ಪ ಹೊತ್ತಿಗೆ ಬೆನ್ನು ಸೀಳಿತು. ಬಾಳೆಸುಳಿಯ ಬಣ್ಣದ ಹುಳ ನಿಧಾನಕ್ಕೆ ಹೊರಬಂದು ತಲೆಕೆಳಗಾಗಿ ಜೋತಿತು. ಆಮೇಲೆ ಎದ್ದು, ತನ್ನ ಪೊರೆಯನ್ನೇ ಹಿಡಿದು ಹಿಂಭಾಗ ಬಿಡಿಸಿಕೊಂಡಿತು. ಮುದುಡಿದ ರೆಕ್ಕೆ ಬಿಚ್ಚುತ್ತಾ ಬಂತು. ಸರಿಯಾಗಿ ಆಗಲೇ ಕ್ಯಾಮೆರಾ ಬ್ಯಾಟರಿ ಸತ್ತಿತು! ಇನ್ನೊಂದು ಬ್ಯಾಟರಿ ರೂಮಿನಲ್ಲಿತ್ತು. ಉಳಿದದ್ದು ಮೊಬೈಲಿನಲ್ಲೇ. ನಿಜ ಹೇಳಬೇಕೆಂದರೆ ಅವೂ ಕೆಟ್ಟದಾಗಿಲ್ಲ. ರೆಕ್ಕೆ ಒಣಗುವ ತನಕ ಹುಳ ಹಾರುವ ಸ್ಥಿತಿಯಲ್ಲಿ ಇರುವುದಿಲ್ಲ, ಹತ್ತಿರದಿಂದಲೇ ತೆಗೆಯಬಹುದು, ಅಲ್ವಾ?

ಆ ಹೊತ್ತಿನಲ್ಲಿ ಮುಟ್ಟಬೇಡಿ. ಸೊಟ್ಟಗೆ ಒಣಗಿದ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ. ಪುಟ್ಟ ವಸ್ತುವನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದರೆ 100 ಎಂಎಂ ಆಸುಪಾಸಿನದು ಒಳ್ಳೆಯದು, ದೂರದಿಂದಲೇ ತೆಗೆಯಬಹುದು. ಫ್ಲಾಶ್‌ಗೆ ಬಿಳಿ ಟಿಶ್ಯೂ ಕಟ್ಟಿ, ಇಲ್ಲದಿದ್ದರೆ ಎಳೆ ಮೈಯೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಎರಡು ದೊಡ್ಡ ಕಣ್ಣುಗಳ ನಡುವೆ ಮೂರು ಪುಟ್ಟ ಕಣ್ಣು ಇರುತ್ತವೆ, ಅಲ್ಲಿಗೆ ಫೋಕಸ್ ಮಾಡಿ. ಹಗಲು ಸದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ. ನೋಡಲು ಒಂದೇ ಥರ ಇರುವ ಜಾತಿಗಳನ್ನು ಹಾಡಿನಿಂದ ಬೇರೆ ಮಾಡಬಹುದು.

ರಾತ್ರಿ ಸುಮ್ನೆ ಕಾಡಿಗೆ ನುಗ್ಗಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಇದು ಕಾಳಿಂಗ ಸರ್ಪದ ಊರು. ಮನೆಯವರನ್ನು ಕೇಳಿ, ಗಂಬೂಟು ಹಾಕಿ, ತೋಟದಲ್ಲೇ ಕೂರಿ. ಹೋಗುವುದಾದರೆ ಜೂನ್‌ಗೆ ಮುಂಚೆ ಹೋಗಿ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಆಮೇಲೆ ಛತ್ರಿ ಹಿಡಿಯಲಿಕ್ಕೇ ಎರಡು ಕೈ ಸಾಲುವುದಿಲ್ಲ.