ಕ್ವಾರಿ ವಿಸ್ತರಣೆ ವರದಿ ಕೈಗೆ ಸಿಕ್ರೆ ಮೊದಲು ಬೇಸ್‌ಲೈನ್ ನೋಡಿ
ಕಲ್ಲು ಕ್ವಾರಿ ವಿಸ್ತರಣೆ ಅಂತ ಬಂದಾಗ ಪರಿಸರ ವರದಿಯಲ್ಲಿ "ಹೆಚ್ಚುವರಿ ಪರಿಣಾಮ ಅತ್ಯಲ್ಪ" ಅನ್ನೋ ಥರದ ಮಾತು ಬರೋದು ಸಾಮಾನ್ಯ. ನಾನು ಅದನ್ನ ಬಿಟ್ಟು ಸೀದಾ ಬೇಸ್‌ಲೈನ್ ಅಂದ್ರೆ ಯೋಜನೆ ಶುರುವಾಗೋ ಮುಂಚಿನ ಪರಿಸ್ಥಿತಿ ಅಳೆದಿರೋ ಅಧ್ಯಾಯಕ್ಕೆ ಹೋಗ್ತೀನಿ, ಇಡೀ ಲೆಕ್ಕ ನಿಂತಿರೋದೇ ಅಲ್ಲಿ. ಹೊಸ ಕ್ವಾರಿ ಆದ್ರೆ ಬೇಸ್‌ಲೈನ್ ಅಂದ್ರೆ ಕ್ವಾರಿ ಇಲ್ಲದಾಗಿನ ಗಾಳಿ. ವಿಸ್ತರಣೆಯಲ್ಲಿ ಹಂಗಲ್ಲ, ಅಳೆಯೋ ಹೊತ್ತಿಗೆ ಹಳೇ ಕ್ವಾರಿ ಓಡ್ತಾನೇ ಇರುತ್ತೆ, ಅದರ ಧೂಳು, ಅದರ ಸದ್ದು ಎರಡೂ "ಈಗಿನ ಪರಿಸ್ಥಿತಿ" ಅನ್ನೋ ಹೆಸರಲ್ಲಿ ಒಳಗೆ ಸೇರ್ಕೊಂಡುಬಿಡುತ್ತೆ, ಆಮೇಲೆ ಅದರ ಮೇಲೆ ಬೀಳೋ ಚೂರನ್ನ ಮಾತ್ರ ಪರಿಣಾಮ ಅಂತ ತೋರಿಸ್ತಾರೆ. ಆದ್ರೆ ಪಕ್ಕದ ಮನೆಯವರ ಶ್ವಾಸಕೋಶಕ್ಕೆ ಹೋಗೋದು ಒಟ್ಟು ಧೂಳು ಕಣ್ರೀ! ಹಂಗಾಗಿ ಕ್ವಾರಿ ಧೂಳು ತಲುಪದ ಕಡೆ, ಗಾಳಿ ಬರೋ ದಿಕ್ಕಿನಲ್ಲಿ ಧೂಳು ಅಳೆಯೋ ಒಂದು ಮಾನಿಟರ್ ಇಟ್ಟಿದ್ರಾ ಅಂತ ಕೇಳಲೇಬೇಕು.

ಧೂಳು ಅಂದ್ರೆ ಎಲ್ಲರ ಕಣ್ಣಿಗೆ ಬೀಳೋದು ಬ್ಲಾಸ್ಟಿಂಗ್, ಒಂದು ದೊಡ್ಡ ಮೋಡ ಏಳುತ್ತೆ ನಿಜ, ಆದ್ರೆ ಅದು ಕೆಲವೇ ನಿಮಿಷದ್ದು. ದಿನವಿಡೀ ಎಬ್ಬಿಸೋದು ಟಾರ್ ಇಲ್ಲದ ಲಾರಿ ರಸ್ತೆ, ಆಮೇಲೆ ಕ್ರಷರ್, ಜರಡಿ, ಜಲ್ಲಿ ರಾಶಿ. ಎಷ್ಟೋ ಕ್ವಾರಿಗಳಲ್ಲಿ ರಸ್ತೆ ಧೂಳೇ ದೊಡ್ಡ ಪಾಲು. ಧೂಳನ್ನ ಅಂದಾಜು ಮಾಡೋ ಮಾಡೆಲ್‌ನಲ್ಲಿ "ನೀರು ಚಿಮುಕಿಸ್ತೀವಿ" ಅಂತ ಹಾಕಿ ಆ ಪಾಲನ್ನ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಬಹುದು, ಹಂಗಾದ್ರೆ ಬಿರುಬಿಸಿಲಲ್ಲಿ ದಿನಕ್ಕೆ ಎಷ್ಟು ಸಲ, ಯಾವ ನೀರು, ಯಾರು ಲೆಕ್ಕ ಇಡ್ತಾರೆ ಅನ್ನೋದೂ ಬರೆದಿರಬೇಕಲ್ವಾ? ದಪ್ಪ ಕಣ ಹತ್ತಿರದಲ್ಲೇ ಎಲೆ ಮೇಲೆ, ಒಗೆದ ಬಟ್ಟೆ ಮೇಲೆ ಕೂತ್ಕೊಳ್ಳುತ್ತೆ. ಪಿಎಂ10, ಪಿಎಂ2.5 ಅಂದ್ರೆ 10 ಮತ್ತು 2.5 ಮೈಕ್ರಾನ್‌ವರೆಗಿನ ನುಣ್ಣನೆ ಕಣ ಇನ್ನೂ ದೂರ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ 24 ಗಂಟೆಯ ಮಾರ್ಗದರ್ಶಿ ಮಟ್ಟ ಪ್ರತಿ ಘನ ಮೀಟರ್‌ಗೆ ಪಿಎಂ10ಗೆ 45 ಮೈಕ್ರೋಗ್ರಾಂ, ಪಿಎಂ2.5ಗೆ 15. ಕಲ್ಲು ಯಾವುದು ಅಂತಾನೂ ನೋಡಿ, ಗ್ರಾನೈಟ್ ಆದ್ರೆ ಸ್ಫಟಿಕ ಜಾಸ್ತಿ, ಅದರ ನುಣ್ಣನೆ ಸಿಲಿಕಾ ಧೂಳು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ತರುತ್ತೆ, ಕ್ಯಾನ್ಸರ್‌ಕಾರಕ ಅಂತಾನೂ ಸಾಬೀತಾಗಿದೆ. ಬರೀ ಪಿಎಂ ನಂಬರ್ ಕೊಟ್ಟು ಸಿಲಿಕಾ ಸುದ್ದಿನೇ ಎತ್ತದ ವರದಿ ನನ್ನ ಪ್ರಕಾರ ಅರ್ಧ ವರದಿ.

ಸದ್ದಿನ ವಿಷಯದಲ್ಲಿ ಸರಾಸರಿ ಅನ್ನೋದು ಸುಮಾರು ಮುಚ್ಚಿಹಾಕುತ್ತೆ. ಡೆಸಿಬೆಲ್ ಲಾಗರಿದಮ್ ಲೆಕ್ಕ, ಲಾರಿ ಓಡಾಟ ಎರಡು ಪಟ್ಟಾದ್ರೂ ಸರಾಸರಿ ಏರೋದು ಬರೀ 3 ಡೆಸಿಬೆಲ್. ಕಾಗದದ ಮೇಲೆ 3 ಅಂದ್ರೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಬೆಳಗಿನ ಜಾವ ಐದಕ್ಕೆ ಮನೆ ಮುಂದೆ ಹತ್ತು ಲಾರಿ ಹೋಗೋ ಕಡೆ ಇಪ್ಪತ್ತು ಹೋದ್ರೆ ಮಲಗಿದ ಮಗು ಬೆಚ್ಚಿ ಏಳೋ ಸಂದರ್ಭ ಕೂಡ ಎರಡು ಪಟ್ಟಾಗಬಹುದು, ಅದು ಆ 3ರಲ್ಲಿ ಎಲ್ಲೂ ಕಾಣಲ್ಲ. ಹಂಗಾಗಿ ಗಂಟೆವಾರು ಮಟ್ಟ, ಗರಿಷ್ಠ ಮಟ್ಟ, ಹಿನ್ನೆಲೆ ಸದ್ದು ಮೂರೂ ಬೇಕು. ರಿವರ್ಸ್ ಹಾರ್ನ್‌ನ ಬೀಪ್ ಬೀಪ್ ಮೀಟರ್‌ನಲ್ಲಿ ಸಣ್ಣದಾಗಿ ಕಂಡ್ರೂ ಕಿವಿಗೆ ಚುಚ್ಚುತ್ತೆ. ತಣ್ಣಗಿನ ನಿಶ್ಚಲ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಂಪಾಗಿರೋದ್ರಿಂದ ಸದ್ದು ಕೆಳಕ್ಕೆ ಬಾಗಿ ಇನ್ನೂ ದೂರ ಕೇಳ್ಸುತ್ತೆ, ಹಗಲಲ್ಲಿ ಮಾತ್ರ ಅಳೆದ್ರೆ ಇದು ಸಿಗೋದೇ ಇಲ್ಲ. ಬ್ಲಾಸ್ಟಿಂಗ್‌ನ ನೆಲದ ಕಂಪನ, ಗಾಳಿಯ ಒತ್ತಡದ ಅಲೆ ಇವನ್ನ ಬೇರೆ ಉಪಕರಣದಲ್ಲೇ ಅಳೀಬೇಕು, ಮಾಮೂಲಿ ಸೌಂಡ್ ಮೀಟರ್ ಸಾಲಲ್ಲ.

ಸಾರ್ವಜನಿಕ ಸಭೆಗೆ ಹೋಗೋರು ಸಾರಾಂಶ ಓದಿ ಸುಮ್ಮನಾಗಬೇಡಿ, ಗಂಟೆವಾರು ರೀಡಿಂಗ್ ಕೇಳಿ, ಅದರ ಜೊತೆಗೆ ಅದೇ ದಿನಗಳ ಗಾಳಿಯ ದಿಕ್ಕು, ಕ್ರಷರ್ ಓಡಿದ ಗಂಟೆಗಳ ದಾಖಲೆ, ಹೊರಗೆ ಹೋದ ಲಾರಿಗಳ ಸಂಖ್ಯೆ. ಮಳೆ ನಿಂತ ಮಾರನೇ ದಿನ, ಕ್ರಷರ್ ಬಂದ್ ಇದ್ದಾಗ ಅಳೆದಿದ್ರೆ ಅದು ಆ ಹಾಳೆಗಳನ್ನ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗೋದು.